ಸಾಫ್ಟ್‌ವೇರಿಗೆ ಪಾರ್ಥಸಾರಥಿ ಬರೆದ ಅರ್ಥ

ಮಂಡ್ಯದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರಾಗಿದ್ದ ಪಾರ್ಥಸಾರಥಿಯವರಿಗೆ ಹುಡುಗರಿಗಿಂತ ನಿಘಂಟುಗಳ ಮೇಲೆಯೇ ಸಿಟ್ಟು ಹೆಚ್ಚು. ಗೊತ್ತಿಲ್ಲದ ಮಾತಿಗೆ ಅರ್ಥ ಹುಡುಕಿಕೊಂಡು ಹೋದವನಿಗೆ ಇನ್ನೂ ಗೊತ್ತಿಲ್ಲದ ಮಾತೊಂದನ್ನು ಕೊಟ್ಟು ಕಳಿಸುವುದೂ ಒಂದು ವಿದ್ಯೆಯೇ ಎಂದು ತರಗತಿಯಲ್ಲೇ ರೇಗುತ್ತಿದ್ದರು.

ಎಪ್ಪತ್ತಾರರಲ್ಲಿ ಮೈಸೂರಿನ ಪಂಡಿತರ ಸಮಿತಿಯೊಂದು ವಿಜ್ಞಾನದ ನಿಘಂಟು ಮಾಡಲು ಹೊರಟು, ಗಣಕಯಂತ್ರದ ಪದಗಳನ್ನು ಇವರಿಗೆ ಒಪ್ಪಿಸಿತು. ಆಗ ಮಂಡ್ಯದಲ್ಲಿ ಗಣಕಯಂತ್ರ ಕಂಡವರು ಯಾರು? ಪಾರ್ಥಸಾರಥಿಯವರೂ ಬೆಂಗಳೂರಿಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಗಾಜಿನಾಚೆಯಿಂದ ನೋಡಿ ಬಂದರು, ಅಷ್ಟೆ. ಆದರೆ ಕೇಳಿ ತಿಳಿಯಲು ನಾಚುವ ಆಸಾಮಿಯಲ್ಲ. ಅಲ್ಲಿನ ಎಂಜಿನಿಯರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದ್ದರು.

ಒಂದೊಂದು ಅರ್ಥ ಬರೆದ ಮೇಲೂ ಹೆಂಡತಿ ಗೋದಾ ಅವರಿಗೆ ಓದಿ ಹೇಳುವರು. ಆಕೆ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಸರಿ, ಇಲ್ಲವಾದರೆ ಚೀಟಿ ಒಲೆಗೆ. ಸಾಫ್ಟ್‌ವೇರ್ ಎಂಬ ಮಾತಿಗೆ ಎಷ್ಟು ಚೀಟಿ ಉರಿದವೋ! ಕೊನೆಗೊಂದು ದಿನ ಓದಿದರು: "ಗಣಕಯಂತ್ರ ಏನು ಮಾಡಬೇಕು, ಯಾವುದಾದ ಮೇಲೆ ಯಾವುದು ಮಾಡಬೇಕು ಎಂದು ಅದಕ್ಕೆ ಬರೆದುಕೊಡುವ ಸೂಚನೆಗಳು."

"ಅಂದ್ರೆ ಅದಕ್ಕೆ ಸ್ವಂತ ಬುದ್ಧಿ ಇಲ್ಲ. ನಾವು ಹೇಳ್ಕೊಟ್ಟಷ್ಟೇ ಮಾಡತ್ತೆ, ಅಲ್ವೇ?" ಎಂದರು ಗೋದಾ, ಹುಳಿಗೆ ಒಗ್ಗರಣೆ ಹಾಕುತ್ತಾ.

ಪಾರ್ಥಸಾರಥಿ ಕುಣಿಯುವುದೊಂದು ಬಾಕಿ. ಈ ಒಂದು ಅರ್ಥವಾದರೂ ಹೀಗೆಯೇ ಅಚ್ಚಾಗಬೇಕೆಂದು ಹಟ ಹಿಡಿದರು.

ಸಮಿತಿಯ ಅಧ್ಯಕ್ಷರು ಅವರಿಗೆ ಪಾಠ ಹೇಳಿದ ಗುರುಗಳೇ. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ "ತೀರಾ ಸುಲಭವಾಯಿತು" ಎಂದು ಗೀಚಿ, ಕೆಳಗೆ ತಮ್ಮದನ್ನು ಬರೆದು ಕಳಿಸಿದರು: "ಗಣಕದ ಯಂತ್ರೇತರ ಸಾಧನಸಮುಚ್ಚಯ."

ಗೋದಾ ಕೇಳಿ, "ಯಾವ ಸ್ತೋತ್ರದ್ದು ಇದು?" ಎಂದರು.

ಪಾರ್ಥಸಾರಥಿಯವರಿಗೆ ಮೈಯೆಲ್ಲ ಉರಿಯಿತು. ಸುಲಭವಾದದ್ದೂ ಒಂದು ತಪ್ಪೇ? ಆದರೆ ಗುರುಗಳಿಗೆ ಸಭೆಯಲ್ಲಿ ಎದುರಾಡುವುದುಂಟೇ? ಮನೆಗೆ ಊಟಕ್ಕೆ ಕರೆದು, ಎಲೆಯ ಮುಂದೆ ಮೆಲ್ಲಗೆ ವಾದ ಹೂಡಬೇಕೆಂದುಕೊಂಡರು.

ಗುರುಗಳು ಬಂದರು, ಮಡಿಯುಟ್ಟು ಎಲೆಯ ಮುಂದೆ ಕೂತರು. ಕೂತವರು ಬಾಯಿ ತೆರೆದದ್ದು ತುತ್ತಿಗೆ ಮಾತ್ರ. ಅವರದು ಮೌನದ ಊಟ. ಈ ವ್ರತ ಗೊತ್ತಿದ್ದೂ ಮರೆತೆನಲ್ಲ ಎಂದು ಪಾರ್ಥಸಾರಥಿ ತಮ್ಮನ್ನೇ ಶಪಿಸಿಕೊಂಡರು. ಊಟವಾಯಿತು, ತಾಂಬೂಲವಾಯಿತು, ಹಾಳು ಕಾರೂ ಬಂದು ಬಾಗಿಲಲ್ಲಿ ಹಾರನ್ ಹೊಡೆಯಿತು. ಈಗಲಾದರೂ ಹೇಳೋಣವೆಂದು ಹತ್ತಿರ ಹೋದವರು, ಹೊರಟು ನಿಂತ ಗುರುಗಳಿಗೆ ರೂಢಿಯಂತೆ ಮೊದಲು ಅಡ್ಡಬಿದ್ದರು.

"ಒಪ್ಪಿಕೊಂಡೆಯಲ್ಲ, ಸಂತೋಷ. ಸರ್ವಾನುಮತ ಅಂತ ಬರೆದುಬಿಡ್ತೀನಿ," ಎಂದು ಆಶೀರ್ವದಿಸಿ ಗುರುಗಳು ಕಾರು ಹತ್ತಿದರು. ಇವರು ಎದ್ದು ಪಂಚೆ ಸರಿಮಾಡಿಕೊಳ್ಳುವಷ್ಟರಲ್ಲಿ ಕಾರು ಬೀದಿಯ ತಿರುವು ದಾಟಿತ್ತು.

ನಿಘಂಟು ಅಚ್ಚಾಗಿ ಬಂತು. ಗಣಕಯಂತ್ರದ ಭಾಗದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಪಾರ್ಥಸಾರಥಿಯವರ ಹೆಸರು, ಒಳಗೆ ಆ ಸಮುಚ್ಚಯ. ಸಂಕಟ ತಾಳಲಾರದೆ ಪುಸ್ತಕವನ್ನು ಅಟ್ಟಕ್ಕೆ ಎಸೆದರು.

ಒಂದು ಭಾನುವಾರ ಪೂರಿಗಾಲಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಸಿದ್ದರಾಜು, ಅದೇ ನಿಘಂಟನ್ನು ಕಂಕುಳಲ್ಲಿಟ್ಟುಕೊಂಡು, ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಮನೆ ಹುಡುಕಿಕೊಂಡು ಬಂದರು.

"ಸಾ, ಈ ಸಾಫ್ಟ್‌ವೇರಿನ ಅರ್ಥ ಎಷ್ಟ್ ಓದುದ್ರೂವೆ ತಲೆಗೇ ಅತ್ನಿಲ್ಲ. ಇಸ್ಕೂಲಲ್ಲಿ ಐಕ್ಳು ಕೇಳ್ತವೆ. ಬರ್ದೋರು ನೀವೇ ಅಲ್ವಾ, ಒಸಿ ಬುಡ್ಸಿ ಯೇಳಿ."

ಪಾರ್ಥಸಾರಥಿ ಗಂಟಲು ಸರಿಮಾಡಿಕೊಂಡು, ತಾವು ಮೊದಲು ಬರೆದಿದ್ದ ಮಾತನ್ನು ಒಂದಕ್ಷರ ಬಿಡದೆ ಹೇಳಿದರು. ಸಿದ್ದರಾಜು ಅವರ ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು.

"ಇಷ್ಟೇಯಾ? ಅಲ್ಲ ಸಾ, ಇಂಗೇ ಬರ್ದಿದ್ರೆ ನಿಮ್ಗೇನಾಯ್ತಿತ್ತು?"