ಹಾಲಿನ ಜಾರ್

ನಮ್ಮ ಮಿಕ್ಸರ್‌ಗೆ ದೊಡ್ಡ ಜಾರ್ ಹಾಲಿಗೆ, ಸಣ್ಣದು ಚಟ್ನಿಗೆ. ಹಾಲಿನ ಜಾರನ್ನು ತೊಳೆದು, ಮೇಲಿನ ಹಲಗೆಯ ಬಲಗಡೆ ಬೋರಲು ಹಾಕಿಡಬೇಕು. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ವಸ್ತು ಅದರ ಜಾಗದಲ್ಲಿದ್ದರೆ ಕೈ ತಪ್ಪುವುದಿಲ್ಲ ಎಂದು ಕಲಿತವಳು. ದಾಂಡೇಲಿಯ ಈ ಮನೆಯಲ್ಲಿ ಆ ಶಿಸ್ತು ನಡೆಯದಿರುವುದಕ್ಕೆ ಕಾರಣ ಒಬ್ಬಳೇ: ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಜೋಯಿಡಾ ಕಡೆಯವಳು, ಮನೆಮಾತು ಕೊಂಕಣಿ. ಇಬ್ಬರ ಗಂಡಂದಿರೂ ಈಗಿಲ್ಲ. ಒಲೆ ಮಾತ್ರ ಒಂದೇ. ಅವಳನ್ನು ಕಂಡರೆ ನನಗಾಗದು, ಅದನ್ನು ಅವಳು ಬಡ್ಡಿ ಸಮೇತ ತೀರಿಸುತ್ತಾಳೆ.

ಬೇಸಿಗೆ ರಜೆಯಲ್ಲಿ ಮೊಮ್ಮಗಳಿಗೆ ಐಸ್‌ಕ್ರೀಮ್ ಶೇಕ್ ಮಾಡುವುದು ನನ್ನ ಕೆಲಸ. ಕಾಯಿಸಿ ಆರಿಸಿದ ಹಾಲನ್ನು ಫ್ರೀಜರಿನಲ್ಲಿ ಅರ್ಧ ಗಟ್ಟಿ ಮಾಡಬೇಕು. ಸೋಸಿದ ಚಿಕ್ಕು ಮೊದಲು, ಐಸ್‌ಕ್ರೀಮ್ ಕೊನೆಗೆ. ಮಿಕ್ಸರನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಎಲ್ಲ ಕರಗಿ ನೀರಾಗುತ್ತದೆ. ನೆಗೆಣ್ಣಿ ಮಾಡುವುದು ಆ ನೀರನ್ನೇ. ನನ್ನದಕ್ಕೆ ಮೊಮ್ಮಗಳು 'ಥಿಕ್ ಶೇಕ್' ಎಂದು ಹೆಸರಿಟ್ಟಿದ್ದಳು.

ಒಂದು ವರ್ಷ ರಜೆಯಲ್ಲಿ ಮೊಮ್ಮಗಳಿಗೆ ಹುಬ್ಬಳ್ಳಿಯಲ್ಲಿ ಟಾನ್ಸಿಲ್ ಆಪರೇಶನ್ ಆಯಿತು. ಮಗ, ಸೊಸೆ ಇಬ್ಬರೂ ಹಳಿಯಾಳದಲ್ಲಿ ಕೆಲಸಕ್ಕೆ ಹೋಗುವವರು. ಮಗುವನ್ನು ನನ್ನ ಬಳಿ ಬಿಟ್ಟರು. ತಣ್ಣಗಿನದು ಗಂಟಲಲ್ಲಿ ಇಳಿಯುತ್ತಿರಬೇಕು, ಕುಡಿಯುವುದು ನಿಲ್ಲಿಸಿದರೆ ಮತ್ತೆ ದಾಖಲು ಮಾಡಿ ಸಲೈನ್ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೂಜಿಯ ಹೆಸರೆತ್ತಿದರೆ ಅವಳು ಮಂಚದ ಕೆಳಗೆ ಸೇರುತ್ತಿದ್ದಳು.

ಮರುದಿನ ಬೆಳಿಗ್ಗೆ ಹಲಗೆಯಿಂದ ಜಾರ್ ತೆಗೆದು ಶೇಕ್ ಮಾಡಿ ಲೋಟಕ್ಕೆ ಸುರಿದೆ. ನೆಗೆಣ್ಣಿ ನನಗೆ ಬೆನ್ನು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾ, ಅದು ತೀಕ ಐತಿ" ಎಂದಳು.

"ಥಿಕ್ ಇರಬೇಕು. ನಿನ್ನಂಗ ನೀರ ಮಾಡಿ ಕುಡಸಂಗಿಲ್ಲ ನಾ."

ಅವಳು ಕೈ ನಿಲ್ಲಿಸಿದಳು. ಮತ್ತೆ ಬಡಿಯತೊಡಗಿದಳು.

ಮಗು ಒಂದು ಗುಟುಕು ನುಂಗಿ ಲೋಟ ಕೆಡವಿತು. ಕುತ್ತಿಗೆ ಹಿಡಿದುಕೊಂಡು, ದನಿಯಿಲ್ಲದೆ ಅತ್ತಿತು. ಜಾರಿನ ತಳಕ್ಕೆ ಬೆರಳಾಡಿಸಿ ನಾಲಿಗೆಗೆ ಇಟ್ಟುಕೊಂಡೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ: ರಂಜಕದ ಚಟ್ನಿ.

ಹಾಲಿನ ಜಾರಿಗೆ ಇದನ್ನು ಯಾಕೆ ಹಾಕಿದೆ ಎಂದು ಕೇಳಿದೆ. ಸಣ್ಣ ಜಾರಿನ ಬ್ಲೇಡ್ ಸಿಕ್ಕಿಕೊಂಡಿತ್ತಂತೆ. ನೀರಾಡಿಸಿ, ಬಲಗಡೆಯೇ, ಬೋರಲೇ ಇಟ್ಟಿದ್ದಳಂತೆ, ನಾನು ಕಲಿಸಿದ ಹಾಗೆ.

"ತೀಕ ಐತಿ ಅಂತ ಹೇಳಿದ್ನೆಲ್ಲ. ಇರಬೇಕು ಅಂದ್ರಿ. ನರ್ಸಬಾಯಾರು ಇರಬೇಕು ಅಂದ ಮ್ಯಾಲ ನನ್ನ ಮಾತು ಏನ ನಡೀತೈತಿ?"

ಅವರ ಮಾತಿನಲ್ಲಿ ತೀಕ ಎಂದರೆ ಖಾರ. ನನ್ನ ಕಿವಿಗೆ ಬಿದ್ದದ್ದು ಥಿಕ್. ಖಾರ ಎಂಬ ಶಬ್ದ ಅವಳಿಗೆ ಬಾರದ್ದೇನಲ್ಲ. ನನ್ನ ಸಾರನ್ನು ಹಂಗಿಸುವಾಗ ದಿನಾ ಅದನ್ನೇ ಬಳಸುತ್ತಾಳೆ. ಎಚ್ಚರಿಸುವ ಹೊತ್ತಿಗೆ ಮಾತ್ರ ತವರಿನ ಮಾತು ನೆನಪಾಯಿತು.

ಆಮೇಲೆ ಮಗು ನೀರನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಸಂಜೆಯವರೆಗೂ ಹೀಗೇ ಇದ್ದರೆ ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ನಾನು ಜಾರನ್ನು ಬಿಸಿನೀರು, ಸೋಡಾಪುಡಿ ಹಾಕಿ ಉಜ್ಜುತ್ತಿದ್ದಾಗ ಕರೆಂಟ್ ಹೋಯಿತು. ಐಸ್‌ಕ್ರೀಮ್ ಕರಗುವ ಮೊದಲು ಏನಾದರೂ ಮಾಡಬೇಕಿತ್ತು. ನೆಗೆಣ್ಣಿ ಹೇಳದೆ ಕೇಳದೆ ಮಜ್ಜಿಗೆಯ ಕಡಗೋಲು ತೊಳೆದು, ಪಾತ್ರೆಯಲ್ಲಿ ಚಿಕ್ಕು, ಐಸ್‌ಕ್ರೀಮ್ ಹಾಕಿ ಕಡೆಯಲು ಕೂತಳು. ಹುಳಿ ವಾಸನೆ ಬರುತ್ತದೆ ಎಂದೆ.

"ನಿಮ್ಮ ಜಾರಿನ ವಾಸನಿ ನೋಡ್ಕೋರಿ ಮೊದಲ."

ನಾನೂ ಬೇರೆ ಪಾತ್ರೆಯಲ್ಲಿ ಚಮಚದಿಂದ ಕಲಸಿದೆ. ಎರಡು ಲೋಟಗಳು ಮಂಚದ ಬಳಿ ಹೋದವು. ನನ್ನದು ಕುಡಿ, ಅದು ಹುಳಿ ಎಂದು ನಾನು. ಅಜ್ಜಿಯದು ಮತ್ತೆ ಉರಿದೀತು, ನನ್ನದು ಕುಡಿ ಎಂದು ಅವಳು. ಮಗು ಗೋಡೆಗೆ ಮುಖ ಮಾಡಿತು. ಆಮೇಲೆ ಎದ್ದು ಕೂತು, ನನ್ನ ಲೋಟ ಕಸಿದು ನೆಗೆಣ್ಣಿಯ ಕೈಗಿಟ್ಟಿತು. ಅವಳದನ್ನು ನನ್ನ ಕೈಗಿಟ್ಟಿತು.

"ಮೊದಲ ನೀವು ಕುಡೀರಿ" ಎಂದಿತು. ಆಪರೇಶನ್ ಆದ ಮೇಲೆ ಮಗು ಆಡಿದ ಮೊದಲ ಮಾತು ಅದು, ಅದೂ ಪಿಸುದನಿಯಲ್ಲಿ.

ನೆಗೆಣ್ಣಿ ನನ್ನದನ್ನು ತಪ್ಪು ಹುಡುಕುವವಳಂತೆ ನಿಧಾನವಾಗಿ ಚಪ್ಪರಿಸಿದಳು. ಅವಳದು ನನ್ನ ಗಂಟಲಿನಲ್ಲಿ ನುಣ್ಣಗೆ, ತಣ್ಣಗೆ ಇಳಿಯಿತು. ಸಕ್ಕರೆ ಮಿತಿಮೀರಿತ್ತು, ಮಜ್ಜಿಗೆಯ ವಾಸನೆ ಇದ್ದೇ ಇತ್ತು. ಮುಖ ಸಿಂಡರಿಸಿದರೆ ಮಗು ಕುಡಿಯುವುದಿಲ್ಲವೆಂದು ಇನ್ನೊಂದು ಗುಟುಕು ನುಂಗಿದೆ. ಅವಳೂ ನುಂಗಿದಳು.

ಮಗು ನಮ್ಮಿಬ್ಬರ ಮುಖಗಳನ್ನು ನೋಡಿ, ನನ್ನ ಕೈಯಲ್ಲಿದ್ದ ಲೋಟಕ್ಕೆ ಬಾಯಿಟ್ಟಿತು. ಕಣ್ಣು ಮುಚ್ಚಿ ನುಂಗಿತು. ಮತ್ತೆ ನುಂಗಿತು. ನಾನು ಲೋಟ ಅಲುಗಿಸದೆ ಹಿಡಿದುಕೊಂಡೆ.

ಕಡಗೋಲು ತೊಳೆದಿಡು ಎಂದು ನೆಗೆಣ್ಣಿಗೆ ಮೆಲ್ಲಗೆ ಹೇಳಿದೆ.

"ಕುಡದಾರು ತೊಳೀಲಿ" ಎಂದಳು, ಅವಳೂ ಮೆಲ್ಲಗೆ.

ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು. ಅದನ್ನು ಮಗುವಿನ ಬಾಯಿಯತ್ತ ಇನ್ನಷ್ಟು ಓರೆ ಮಾಡಿದೆ.