ಎಮ್ಮೆ ಏಳುವವರೆಗೆ

ಕಾಗವಾಡದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ ಐನಾಪುರದ ಮನೆಗೆ ಬಂದೆನೆಂದರೆ, ಉಳಿದ ಹೊತ್ತು ಚಿಕ್ಕ ಚಿಕ್ಕ ವಿಡಿಯೋ ಗೇಮ್ ಕಟ್ಟುತ್ತ ಕೂರುತ್ತೇನೆ. ಕೆಲವರು ಕೌದಿ ಹೊಲಿಯುತ್ತಾರಲ್ಲ, ಹಾಗೆ. ಬಾಯಿಯಲ್ಲಿ ನೆಟ್ಟಗೆ ಬರದ ಮಾತು ನನಗೆ ಆಟದಲ್ಲಿ ಬರುತ್ತದೆ.

ಹೋದ ವರ್ಷ ನಮ್ಮ ಅಜ್ಜಿಯ, ಅಂದರೆ ನಮ್ಮ ಆಯಿಯ, ಮೊಣಕಾಲು ಹಟ ಹಿಡಿದವು. ನಲವತ್ತು ವರ್ಷ ಎಮ್ಮೆ ಹೊಡೆದುಕೊಂಡು ಹೊಳೆಗೆ ಹೋದವಳಿಗೆ ಅಂಗಳ ದಾಟುವುದೇ ದೊಡ್ಡ ಕೆಲಸವಾಯಿತು. ಓಣಿಯ ಎಮ್ಮೆಗಳು ಹೊರಟವೆಂದರೆ ಅವಳ ಕತ್ತು ತಾನಾಗಿ ಅತ್ತ ತಿರುಗುತ್ತಿತ್ತು. ಅವಳನ್ನು ಇನ್ನೊಮ್ಮೆ ಹೊಳೆಗೆ ಕರೆದೊಯ್ಯಬೇಕು ಅನ್ನಿಸಿತು. ನನಗೆ ಗೊತ್ತಿದ್ದ ದಾರಿ ಒಂದೇ, ಆಟ ಕಟ್ಟಿದೆ.

ನಮ್ಮ ಓಣಿ, ಕಬ್ಬಿನ ನಡುವಿನ ದಾರಿ, ಕೃಷ್ಣೆಯ ದಂಡೆ, ಒಂದು ಕೊಂಬು ಕೆಳಗೆ ಬಾಗಿದ ಅವಳ ಹಳೆಯ ಎಮ್ಮೆ, ಎಲ್ಲ ಬರೆದೆ. ‘ಹ್ಯಾ ಹ್ಯಾ’ ಎನ್ನುವ ಅವಳ ಕೂಗನ್ನೂ ಹಿಡಿದು ಹಾಕಿದೆ. ಆಟ ಅಂದ ಮೇಲೆ ಗಡಿಯಾರ ಬೇಡವೇ? ಮೇಲಿನ ಮೂಲೆಯಲ್ಲಿ ಅದನ್ನೂ ಇಟ್ಟೆ; ಅದು ನಿಲ್ಲುವುದರೊಳಗೆ ಎಮ್ಮೆಯನ್ನು ಮನೆಗೆ ಹೊಡೆದುಕೊಂಡು ಬರಬೇಕು.

ಒಂದು ರವಿವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟೆ. ಒಂದೇ ಬೆರಳಿನಿಂದ ಗುಂಡಿ ಒತ್ತುತ್ತ ಹೊಳೆಯವರೆಗೆ ಚೆನ್ನಾಗಿಯೇ ನಡೆದಳು. ಎಮ್ಮೆ ನೀರಿಗಿಳಿದು ಕುಳಿತಿತು. ಆಯಿ ಬೆರಳು ತೆಗೆದುಬಿಟ್ಟಳು.

“ಎಬ್ಬಸ್ ಬೇ ಆಯಿ, ಟೈಮ್ ಮುಗಿಯಾಕತ್ತೈತಿ!”

“ಈಗರ ಕುಂತೈತಿ. ಅದನ್ನ ಯಾಂವ ಎಬ್ಬಸ್ತಾನ?”

ಗಡಿಯಾರ ನಿಂತಿತು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದವು. ಏನು ಬರೆದಿದೆ ಎಂದು ಕೇಳಿದಳು. ‘ನೀವು ಸೋತಿರಿ’ ಅಂತ ಓದಿ ಹೇಳಿದೆ.

“ನಾ ಸೋತ್ನ್ಯಾ? ಏ ಹುಚ್ಚಿ, ಎಮ್ಮಿ ನೀರಾಗ ಕುಂತ ಮ್ಯಾಲೆ ಅದಾ ಏಳಬೇಕು. ಅಲ್ಲೀತನಕ ನಾವು ದಂಡಿ ಮ್ಯಾಲಿನ ಕಲ್ಲಿಗೆ ಕುಂದ್ರೂದು. ನಿನ್ನ ಆಟದಾಗ ಕಲ್ಲ ಎಲ್ಲೈತಿ?”

“ಕುಂತು ಏನ ಮಾಡ್ತಿದ್ದಿ?”

“ಏನ ಮಾಡ್ಲಿ? ಕುಂದರ್ತಿದ್ದೆ. ನಮ್ಮ ಅತ್ತಿ ಕಾಲದಾಗ ನಾ ಸುಮ್ನ ಕುಂದ್ರೂ ಜಾಗಾ ಅದೊಂದಾ ಇತ್ತವಾ. ಯಾಕ ತಡಾ ಆತು ಅಂದ್ರ, ಎಮ್ಮಿ ಏಳಲಿಲ್ರಿ ಅಂತಿದ್ದೆ.” ಕಿಸಕ್ಕನೆ ನಕ್ಕಳು.

ಹೊಳೆಯನ್ನೆಲ್ಲ ಬರೆದು, ಅವಳು ಹೊಳೆಗೆ ಯಾಕೆ ಹೋಗುತ್ತಿದ್ದಳೆಂಬುದನ್ನೇ ಬಿಟ್ಟಿದ್ದೆ ನೋಡಿ. ಗಡಿಯಾರ ಕಿತ್ತೆ, ಸೋಲನ್ನೂ ಕಿತ್ತೆ. ಕಲ್ಲು ಬರೆದೆ. ಅದರ ಮೇಲೆ ಕುಳಿತರೆ ನೀರಿನ ಸದ್ದು, ಆಗೊಂದು ಈಗೊಂದು ಬೆಳ್ಳಕ್ಕಿ. ಮತ್ತೇನೂ ಇಲ್ಲ.

ಮುಂದಿನ ರವಿವಾರ ಆಯಿ ಆಟದೊಳಗಿನ ಆ ಕಲ್ಲಿನ ಮೇಲೆ ಕುಳಿತಳು. ಹೊರಗೆ ಓಣಿಯ ಎಮ್ಮೆಗಳು ಹೊರಟವು. ಅವಳ ಕತ್ತು ತಿರುಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಪರದೆಯ ಎಮ್ಮೆ ಎದ್ದು ಮೈ ಕೊಡವಿತು. ಆಯಿ ನನ್ನತ್ತ ದುರುಗುಟ್ಟಿ ನೋಡಿದಳು.

“ಇಷ್ಟ ಜಲ್ದಿ ಎದ್ದಿತೇನ ಬೇ?”

ನಾನು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡು, ಎಮ್ಮೆಯನ್ನು ಮತ್ತೆ ನೀರಿನಲ್ಲಿ ಕೂರಿಸಿದೆ.