ರೇಟ್ ಏರುವವರೆಗೆ ಮಲಗುವ ಕೋಣೆಯಲ್ಲಿ

ಕಾಕಾನ ಮನೆಯೊಳಗೆ ಕಾಲಿಟ್ಟೊಡನೆ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಹೊಡೆಯಿತು. ಮಲಗುವ ಕೋಣೆಯಲ್ಲಿ, ಮೆಕ್ಕೆಜೋಳದ ಚೀಲಗಳ ಪಕ್ಕ ಚಿಗವ್ವ ವಾಂತಿ ಮಾಡಿಕೊಂಡು ಬಿದ್ದಿದ್ದಳು. ಹುಳ ಹತ್ತದಿರಲೆಂದು ಚೀಲಗಳ ನಡುವೆ ವಿಷದ ಗುಳಿಗೆ ಇಟ್ಟು ಕಿಟಕಿ ಮುಚ್ಚಿದ್ದರು. ಅದರ ಅನಿಲ ಜೀವ ತೆಗೆಯುತ್ತದೆಂದು ಕಾಲೇಜಿನಲ್ಲಿ ಓದಿದ್ದೆ. ಉಸಿರು ಬಿಗಿಹಿಡಿದು ಅವಳನ್ನು ಹೊರಗೆಳೆದು ತಂದೆ.

“ಎರಡು ತಿಂಗಳು ಮಾರಬ್ಯಾಡ್ರಿ, ರೇಟ್ ಏರ್ತೈತಿ ಅಂತ ಮೊಬೈಲ್‌ನ್ಯಾಗ ಮೆಸೇಜ್ ಬಂದಿತ್ತು ತಮ್ಮಾ. ಎಲ್ಲಿ ಇಡಬೇಕಂತ ಬಂದಿದ್ದಿಲ್ಲ,” ಎಂದರು ಹೊಲದಿಂದ ಓಡಿಬಂದ ಕಾಕಾ.

ಯಲಬುರ್ಗಾದ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಚಿಗವ್ವ ಬದುಕಿದಳು. ದರವೂ ಹೇಳಿದಂತೆಯೇ ಏರಿತು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಹಳೆಯ ದರಗಳನ್ನೆಲ್ಲ ಜಾಲಾಡಿ ಎರಡು ತಿಂಗಳ ಮುಂದಿನದನ್ನು ಕಾಣಬಲ್ಲ ಆ ಮೆಸೇಜ್ ಕಳಿಸಿದವರಿಗೆ, ಆ ಊರಲ್ಲಿ ಒಂದು ಗೋದಾಮೂ ಇಲ್ಲವೆಂಬುದು ಕಾಣಲಿಲ್ಲವೇ? ನಾನು ಅರ್ಧ ತಾಸು ತಡವಾಗಿ ಹೋಗಿದ್ದರೂ ಅವರ ಲೆಕ್ಕ ಸರಿಯಾಗಿಯೇ ಇರುತ್ತಿತ್ತು.